ಹತ್ತು ಬಾಟಲಿಗಳ ಬಟ್ಟೆಬಣ್ಣ: ಪೆಟ್ಟಿಗೆ ಒಳ್ಳೆಯದು, ಬಿಳಿ ಮಾತ್ರ ಸಾಲದು

ಬೇಸಿಗೆ ರಜೆ ಬಂತೆಂದರೆ ಕಾಸರಗೋಡಿನ ಸ್ಟೇಷನರಿ ಅಂಗಡಿಗಳ ಮುಂದಿನ ಸಾಲಿಗೆ ಬಂದು ಕೂರುವ ಸಾಮಾನುಗಳಲ್ಲಿ ಹತ್ತು ಪುಟ್ಟ ಬಾಟಲಿಗಳ ಬಟ್ಟೆಬಣ್ಣದ ಪೆಟ್ಟಿಗೆಯೂ ಒಂದು. ನಾವು ಕೊಂಡದ್ದರ ಬೆಲೆ ಮುನ್ನೂರು ರೂಪಾಯಿಯ ಆಸುಪಾಸು. ಒಂದೊಂದು ಬಾಟಲಿಯಲ್ಲಿ 10 ಮಿಲಿಲೀಟರ್ ಬಣ್ಣ, ಜತೆಗೆ ಒಂದು ಬ್ರಷ್, ಮಡಚಿಟ್ಟ ಒಂದು ಸೂಚನಾಪತ್ರ. ಈ ಪೆಟ್ಟಿಗೆಯನ್ನೂ ಇದರೊಂದಿಗೆ ಅಂಗಡಿಯವರು ಸೇರಿಸಿ ಕೊಡುವ, ಉಬ್ಬಿದ ಗೆರೆ ಎಳೆಯುವ ಔಟ್‌ಲೈನರ್ ಟ್ಯೂಬುಗಳನ್ನೂ ನಮ್ಮ ಮನೆಯ ಐದು ವರ್ಷದ ಮಗುವಿನಿಂದ ಹಿಡಿದು ಅತ್ತೆಯವರವರೆಗೆ ಎಲ್ಲರೂ ಬಳಸಿದ್ದಾರೆ. ಬರೆದ ಟೀ ಶರ್ಟುಗಳನ್ನು ತೊಟ್ಟು, ಒಗೆದು, ಒಂದು ಮಳೆಗಾಲವನ್ನೂ ದಾಟಿಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಬಟ್ಟೆಯ ಮೇಲಿನ ಬಣ್ಣದ ಬಗ್ಗೆ ಅದು ಒಣಗಿದ ಮರುದಿನವೇ ಬರೆದ ಹೊಗಳಿಕೆಗೆ ಹೆಚ್ಚು ಅರ್ಥವಿಲ್ಲ.

ತಯಾರಕರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಈ ಬೆಲೆಯ ಪೆಟ್ಟಿಗೆಗಳಲ್ಲಿ ಕಾಣುವ ಗುಣವೂ ದೋಷವೂ ಬಹುಪಾಲು ಆ ಜಾತಿಯ ಬಣ್ಣಕ್ಕೇ ಸೇರಿದವು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಸಾದಾ ಬಣ್ಣಗಳು ಕೊಟ್ಟ ಹಣಕ್ಕೆ ಮೋಸ ಮಾಡುವುದಿಲ್ಲ. ಔಟ್‌ಲೈನರ್ ಅರ್ಧ ಮಾತ್ರ ಒಳ್ಳೆಯದು. ಮಿನುಗುವ ಬಣ್ಣಗಳು ಬೇಡ. ಇನ್ನು ಪೆಟ್ಟಿಗೆಯೊಳಗಿನ ಬಿಳಿ ಒಂದು ಕಪ್ಪು ಟೀ ಶರ್ಟಿಗೂ ಸಾಲದಷ್ಟು ಕಡಿಮೆ. ಉಳಿದದ್ದೆಲ್ಲ ಬಣ್ಣಕ್ಕಿಂತ ಹೆಚ್ಚಾಗಿ ಬಟ್ಟೆಯನ್ನೂ ಇಸ್ತ್ರಿಯನ್ನೂ ಅವಲಂಬಿಸಿದೆ.

ಬಾಟಲಿಯೊಳಗೆ ಇರುವುದು ನೀರಿನಲ್ಲಿ ಹರಡಿದ ಅಕ್ರಿಲಿಕ್ ಅಂಟು ಮತ್ತು ನುಣ್ಣಗೆ ಅರೆದ ಬಣ್ಣದ ಪುಡಿ. ನೀರು ಆರುತ್ತಿದ್ದಂತೆ ಅಂಟಿನ ಕಣಗಳು ಒಂದಕ್ಕೊಂದು ಕೂಡಿಕೊಂಡು ತೆಳುವಾದ ಪೊರೆಯಾಗುತ್ತವೆ, ಆ ಪೊರೆ ನೂಲಿನ ಎಳೆಗಳನ್ನು ಕಚ್ಚಿ ಹಿಡಿಯುತ್ತದೆ. ನಮ್ಮ ಕಾಸರಗೋಡು ಸೀರೆಯಲ್ಲಿ ನೂಲಿಗೆ ಮೊದಲು ಬಣ್ಣ ಹಾಕಿ ಆಮೇಲೆ ಮಗ್ಗಕ್ಕೆ ಏರಿಸುವುದರಿಂದ ಬಣ್ಣ ಎಳೆಯ ಒಳಗೇ ಸೇರಿಕೊಂಡಿರುತ್ತದೆ. ಇಲ್ಲಿ ಅದು ಎಳೆಯ ಮೇಲೆ ಕುಳಿತಿರುತ್ತದೆ. ಬಿಡಿಸಿದ ಜಾಗ ಕೈಗೆ ಸ್ವಲ್ಪ ಗಡುಸಾಗಿ ಸಿಗುವುದೂ ದಪ್ಪಗೆ ಹಚ್ಚಿದಲ್ಲಿ ಬಿರುಕು ಬಿಡುವುದೂ ಇದೇ ಕಾರಣದಿಂದ. ಚಿತ್ರಕಲೆಯ ಸಾಮಾನ್ಯ ಅಕ್ರಿಲಿಕ್ ಬಣ್ಣಕ್ಕಿಂತ ಬಟ್ಟೆಗೆಂದೇ ಮಾಡಿದ ಬಣ್ಣದ ಪೊರೆ ಮೆತ್ತಗಿರುತ್ತದೆ. ಆದ್ದರಿಂದ ಮನೆಯಲ್ಲಿ ಈಗಾಗಲೇ ಇರುವ ಕ್ಯಾನ್ವಾಸಿನ ಬಣ್ಣವನ್ನೇ ಬಳಸಿ ಹಣ ಉಳಿಸುವ ಯೋಚನೆ ಬಂದರೆ, ಅದಕ್ಕೆ ಬೆರೆಸುವ ಮೀಡಿಯಂ ಎಂಬ ದ್ರವವನ್ನು ಬೇರೆಯಾಗಿ ಕೊಳ್ಳಬೇಕಾಗುತ್ತದೆ. ಲೆಕ್ಕ ಹಾಕಿದರೆ ಹೆಚ್ಚೇನೂ ಉಳಿಯುವುದಿಲ್ಲ.

ಪೆಟ್ಟಿಗೆಯ ಸೂಚನಾಪತ್ರದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟ, ಆದರೆ ಅತಿ ಮುಖ್ಯವಾದ ವಿಷಯ ಬಟ್ಟೆಯ ಆಯ್ಕೆ. ನಮ್ಮ ಕಡೆಯ ಪೇಟೆಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಬಣ್ಣಬಣ್ಣದ ಟೀ ಶರ್ಟುಗಳಲ್ಲಿ ಅನೇಕವು, ಅದರಲ್ಲೂ ಕ್ರೀಡಾಕೂಟಕ್ಕೆಂದು ಹೊಲಿಸುವ ಜರ್ಸಿಗಳು, ಪಾಲಿಯೆಸ್ಟರಿನವು. ಪಾಲಿಯೆಸ್ಟರ್ ಎಳೆ ನುಣುಪಾಗಿರುವುದರಿಂದ ಪೊರೆಗೆ ಹಿಡಿತ ಸಿಗುವುದಿಲ್ಲ. ಬಣ್ಣ ಗಟ್ಟಿಯಾಗಲು ಬೇಕಾದಷ್ಟು ಬಿಸಿಯನ್ನು ಆ ಬಟ್ಟೆ ತಾಳುವುದೂ ಇಲ್ಲ. ಎರಡೂ ಕಡೆಯಿಂದ ನಷ್ಟ. ತಿರುಪ್ಪೂರಿನಿಂದ ಬರುವ ಖಾಲಿ ಹತ್ತಿ ಟೀ ಶರ್ಟುಗಳು ಬಟ್ಟೆಯಂಗಡಿಗಳಲ್ಲಿ ಸಿಗುತ್ತವೆ, ಕೇಳಿ ತರಿಸಿಕೊಳ್ಳಬಹುದು. ಪಟ್ಟಿಯಲ್ಲಿ ‘100% ಕಾಟನ್’ ಎಂದಿದ್ದರೂ ಅನುಮಾನವಿದ್ದರೆ ಒಳಹೊಲಿಗೆಯ ಪಕ್ಕದಿಂದ ಬಟ್ಟೆಯದೇ ಒಂದೆಳೆ ಕಿತ್ತು ದೀಪಕ್ಕೆ ಹಿಡಿಯಿರಿ: ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರಾದರೆ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ. ಬಟ್ಟೆಯ ದಪ್ಪವನ್ನು ಜಿಎಸ್‌ಎಂ ಎಂಬ ಅಳತೆಯಲ್ಲಿ, ಅಂದರೆ ಒಂದು ಚದರ ಮೀಟರಿನ ತೂಕ ಎಷ್ಟು ಗ್ರಾಂ ಎಂಬುದರಲ್ಲಿ, ಹೇಳುತ್ತಾರೆ. 180ರ ಆಸುಪಾಸಿನದು ಈ ಕೆಲಸಕ್ಕೆ ಹದವಾದದ್ದು. ತೀರಾ ತೆಳುವಾದ ಬನಿಯನ್ ಬಟ್ಟೆಯಲ್ಲಿ ಬಣ್ಣ ಹಿಂಬದಿಗೆ ಇಳಿದುಬಿಡುತ್ತದೆ.

ಹೊಸ ಟೀ ಶರ್ಟನ್ನು ಒಮ್ಮೆ ಒಗೆಯದೆ ಬಣ್ಣ ಹಚ್ಚಬಾರದು. ಅಂಗಡಿಯ ಬಟ್ಟೆಗೆ ನುಣುಪು ಬರಲೆಂದು ಸವರಿದ ಲೇಪ ಬಣ್ಣವನ್ನು ಒಳಗೆ ಬಿಡುವುದಿಲ್ಲ. ಹತ್ತಿ ಮೊದಲ ಒಗೆತದಲ್ಲಿ ಕುಗ್ಗುವುದರಿಂದ ಆಮೇಲೆ ಚಿತ್ರವೂ ಸುಕ್ಕಾಗುತ್ತದೆ. ಒಗೆದ ನೀರಿಗೆ ಕಂಫರ್ಟ್‌ನಂಥ ಪರಿಮಳದ ದ್ರವವನ್ನೂ ಹಾಕಬಾರದು, ಅದೂ ಒಂದು ಲೇಪವೇ. ಒಣಗಿದ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿದರೆ ಸಾಕು: ಹನಿ ತಟ್ಟನೆ ಇಂಗಿದರೆ ಬಟ್ಟೆ ಸಿದ್ಧ, ಉರುಟಾಗಿ ನಿಂತರೆ ಇನ್ನೊಮ್ಮೆ ಒಗೆಯಬೇಕು.

ಒಳಗೆ ಇಡಲು ರಟ್ಟು ಬೇಕು. ಹಳೆಯ ದಿನಪತ್ರಿಕೆ ಇಟ್ಟರೆ ಅದರ ಶಾಯಿಯೇ ಬಿಳಿ ಬಟ್ಟೆಗೆ ಹಿಡಿಯಬಹುದು. ರಟ್ಟಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಇಡುವುದು ಕ್ಷೇಮ. ರಟ್ಟು ಬಟ್ಟೆಯನ್ನು ಬಿಗಿಯಾಗಿ ಹಿಗ್ಗಿಸುವಷ್ಟು ಅಗಲವಾಗಿರಬಾರದು. ಟೀ ಶರ್ಟಿನದು ಹೆಣಿಗೆಯ ಬಟ್ಟೆ, ಎಳೆದಲ್ಲಿಗೆ ಬರುತ್ತದೆ. ಎಳೆದುಕೊಂಡ ಸ್ಥಿತಿಯಲ್ಲಿ ಬರೆದ ವೃತ್ತ ರಟ್ಟು ತೆಗೆದ ಮೇಲೆ ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ.

ಈಗ ಬಣ್ಣದ ಗುಣಕ್ಕೆ ಬರುತ್ತೇನೆ. ಬಾಟಲಿಯಿಂದ ಬರುವಾಗ ಬಣ್ಣ ದೋಸೆ ಹಿಟ್ಟಿನ ಹದದಲ್ಲಿದೆ, ನೀರು ಬೆರೆಸುವ ಅಗತ್ಯವಿಲ್ಲ. ಬೆರೆಸಿದರೆ ಎಳೆಗಳ ಗುಂಟ ಹರಡಿ ಅಂಚು ಕೆಡುತ್ತದೆ, ಅಂಟಿನ ಪ್ರಮಾಣವೂ ಕಡಿಮೆಯಾಗಿ ಒಗೆತದಲ್ಲಿ ಬೇಗ ಮಾಸುತ್ತದೆ. ಹಸಿಯಾಗಿದ್ದಾಗ ಅಂಟು ಹಾಲಿನಂತೆ ಬೆಳ್ಳಗಿದ್ದು ಒಣಗಿದ ಮೇಲೆ ಪಾರದರ್ಶಕವಾಗುವುದರಿಂದ, ಬಟ್ಟೆಯ ಮೇಲೆ ನೋಡಿದ ಬಣ್ಣಕ್ಕಿಂತ ಒಣಗಿದ ಬಣ್ಣ ಒಂದು ಛಾಯೆಯಷ್ಟು ಗಾಢವಾಗಿರುತ್ತದೆ. ಮಕ್ಕಳಿಗೆ ಇದನ್ನು ಮೊದಲೇ ತಿಳಿಸಿರಬೇಕು. ಇಲ್ಲವಾದರೆ ಅವರು ಗುಲಾಬಿ ಸಾಲದೆಂದು ಕೆಂಪನ್ನು ಸೇರಿಸುತ್ತ ಹೋಗಿ ಮಧ್ಯಾಹ್ನದ ಹೊತ್ತಿಗೆ ಹೂವೆಲ್ಲ ಇಟ್ಟಿಗೆಯ ಬಣ್ಣಕ್ಕೆ ಬಂದಿರುತ್ತದೆ. ಹಳದಿ, ಕೆಂಪು, ಅಚ್ಚ ನೀಲಿ, ಕಪ್ಪು ಈ ನಾಲ್ಕೂ ನಿಜವಾಗಿ ಚೆನ್ನಾಗಿವೆ, ಒಂದೇ ಲೇಪದಲ್ಲಿ ಬಿಳಿ ಬಟ್ಟೆಯನ್ನು ಸಮನಾಗಿ ಮುಚ್ಚುತ್ತವೆ. ಪೆಟ್ಟಿಗೆಯಲ್ಲಿರುವ ನೇರಳೆ, ಕಂದು ಮತ್ತು ಎರಡು ಬಗೆಯ ಹಸಿರುಗಳ ಅಗತ್ಯ ನನಗೆ ಕಾಣಲಿಲ್ಲ, ಅವನ್ನು ಮಕ್ಕಳೇ ಬೆರೆಸಿ ಮಾಡಿಕೊಳ್ಳುತ್ತಾರೆ. ಬೆರೆಸುವುದರಲ್ಲೇ ಅವರ ಅರ್ಧ ಸಂತೋಷವಿದೆ. ಜತೆಗೆ ಕೊಟ್ಟ ಬ್ರಷ್ ಪ್ರಯೋಜನಕ್ಕಿಲ್ಲ: ಕೂದಲು ಮೆತ್ತಗಿದ್ದು ಬಟ್ಟೆಯೊಳಕ್ಕೆ ಬಣ್ಣವನ್ನು ಒತ್ತಲಾರದು. ಗಡುಸಾದ ನೈಲಾನ್ ಕೂದಲಿನ ಚಪ್ಪಟೆ ಬ್ರಷ್ ಒಂದನ್ನು ಬೇರೆಯಾಗಿ ಕೊಳ್ಳುವುದು ಮೇಲು. ಬಣ್ಣ ಹಾಕಿಕೊಳ್ಳುವ ತಟ್ಟೆಯಾಗಿ ನಮ್ಮಲ್ಲಿ ಬಾಳೆ ಎಲೆ ಬಹಳ ಅನುಕೂಲವಾಯಿತು. ಅದರ ಮೇಣದಂಥ ಮೈ ಬಣ್ಣವನ್ನು ಹೀರುವುದಿಲ್ಲ, ಕೆಲಸ ಮುಗಿದ ಮೇಲೆ ತೊಳೆಯುವ ತಾಪತ್ರಯವೂ ಇಲ್ಲ. ಅಡಕೆ ಹಾಳೆಯ ತಟ್ಟೆ ನೋಡಲು ಚೆಂದ, ಆದರೆ ಅದು ನೀರನ್ನು ಎಳೆದುಕೊಳ್ಳುವುದರಿಂದ ಬಣ್ಣ ಬೇಗ ಗಟ್ಟಿಯಾಗುತ್ತದೆ.

ಬಿಳಿಯ ವಿಷಯ ಬೇರೆಯಾಗಿ ಹೇಳಬೇಕಾದದ್ದು. ಈಗಿನ ಮಕ್ಕಳಿಗೆ ಬಿಳಿ ಟೀ ಶರ್ಟ್ ಬೇಡ, ಕಪ್ಪೋ ಕಡುನೀಲಿಯೋ ಆಗಬೇಕು. ಆದರೆ ಈ ಪೆಟ್ಟಿಗೆಯ ಬಣ್ಣಗಳಲ್ಲಿ ಹೆಚ್ಚಿನವು ಕಪ್ಪು ಬಟ್ಟೆಯನ್ನು ಮುಚ್ಚುವಷ್ಟು ದಟ್ಟವಲ್ಲ. ಹಳದಿ ಹಚ್ಚಿದರೆ ಪಾಚಿಯ ಬಣ್ಣ ಕಾಣುತ್ತದೆ, ಕೆಂಪು ಕಂದಾಗುತ್ತದೆ. ಮೊದಲು ಬಿಳಿಯನ್ನು ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಇನ್ನೊಂದು ಲೇಪ ಕೊಟ್ಟು, ಅದರ ಮೇಲೆ ಬೇಕಾದ ಬಣ್ಣ ಹಾಕುವುದೊಂದೇ ದಾರಿ. ಎದೆಯ ಅಗಲದ ಒಂದು ಚಿತ್ರಕ್ಕೆ ಹೀಗೆ ಎರಡು ಲೇಪ ಕೊಡುವಷ್ಟರಲ್ಲಿ 10 ಮಿಲಿಲೀಟರ್ ಬಾಟಲಿ ಬರಿದಾಗುತ್ತದೆ. ಪೆಟ್ಟಿಗೆ ಮಾರುವವರಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ‘ಅಕ್ಕಾ, ಬಿಳಿ ಒಂದು ದೊಡ್ಡದು ಬೇರೆ ತೆಗೆದುಕೊಳ್ಳಿ, ಮತ್ತೆ ಅದಕ್ಕೇ ಪುನಃ ಬರಬೇಕಾಗುತ್ತದೆ’ ಎಂದು ಅಂಗಡಿಯ ಹುಡುಗನೇ ಹೇಳಿದ್ದ. ಎಲ್ಲ ಬಾಟಲಿಗಳನ್ನೂ ಒಂದೇ ಅಳತೆಯಲ್ಲಿ ತುಂಬುವ ಬದಲು ಬಿಳಿಯನ್ನು ಎರಡರಷ್ಟು ಕೊಟ್ಟು ಒಂದು ಹಸಿರನ್ನು ಕಡಿಮೆ ಮಾಡಿದ್ದರೆ ಈ ಪೆಟ್ಟಿಗೆಯ ಬಗ್ಗೆ ನನಗೆ ತಕರಾರೇ ಇರುತ್ತಿರಲಿಲ್ಲ.

ಔಟ್‌ಲೈನರ್ ಎಂದರೆ ಕಿರಿದಾದ ಮೂತಿಯ ಟ್ಯೂಬ್. ಒತ್ತಿದಾಗ ಉಬ್ಬಿದ ಗೆರೆ ಬರುತ್ತದೆ. ಮನೆಯಲ್ಲಿ ಇದನ್ನು ಚೆನ್ನಾಗಿ ಬಳಸಿದವರು ಮಕ್ಕಳಲ್ಲ, ಅತ್ತೆಯವರು. ನಿತ್ಯ ರಂಗೋಲಿ ಹಾಕಿ ಪಳಗಿದ ಕೈಗೆ ಗೆರೆಯ ವೇಗವೂ ಒತ್ತಡವೂ ಸಮನಾಗಿರಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಟ್ಯೂಬನ್ನು ಬುಡದಿಂದ ಒತ್ತುತ್ತ ಬರಬೇಕು, ಒಳಗಿನ ಗಾಳಿ ಹೊರಬರುವವರೆಗೆ ಕಾಗದದ ಮೇಲೆ ಎಳೆದು ನೋಡಬೇಕು. ಇಲ್ಲದಿದ್ದರೆ ಗುಳ್ಳೆ ಒಡೆದು ಬಣ್ಣ ಸಿಡಿಯುತ್ತದೆ. ಸಣ್ಣ ಮಕ್ಕಳ ಕೈಗೆ ಇದು ಸೂಕ್ತವಲ್ಲ. ದಪ್ಪ ಗೆರೆ ಒಣಗಲು ಒಂದು ಇಡೀ ದಿನ ಬೇಕು, ಅಷ್ಟರಲ್ಲಿ ಅದರ ಮೇಲೆ ಅಂಗೈ ಊರದ ಮಗುವನ್ನು ನಾನು ನೋಡಿಲ್ಲ.

ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಸೀಮೆಯಲ್ಲಿ ಟೀ ಶರ್ಟಿನ ಮೇಲೆ ಏನು ಬರೆಯೋಣವೆಂದರೆ ಮಕ್ಕಳು ಹೇಳುವುದು ಯಕ್ಷಗಾನದ ವೇಷವನ್ನೇ. ಕಿರೀಟವನ್ನೂ ಆಭರಣಗಳನ್ನೂ ಬಿಡಿಬಿಡಿಯಾಗಿ ಬರೆಯಹೊರಟರೆ ಈ ಬಣ್ಣದಲ್ಲಿ ಅದು ಸಾಧ್ಯವಾಗದು. ಹೆಣಿಗೆಯ ಬಟ್ಟೆ ಅಷ್ಟು ಸಣ್ಣ ಗೆರೆಯನ್ನು ತಾಳಿಕೊಳ್ಳುವುದಿಲ್ಲ. ಆದರೆ ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಮುಖವನ್ನು ಮಾತ್ರ ಆರಿಸಿಕೊಂಡರೆ ಔಟ್‌ಲೈನರ್ ಒಮ್ಮೆಲೇ ಉಪಯೋಗಕ್ಕೆ ಬರುತ್ತದೆ. ಕಲಾವಿದರು ಅಕ್ಕಿಹಿಟ್ಟು, ಸುಣ್ಣಗಳಿಂದ ಮುಖದ ಮೇಲೆ ಇಡುವ ಚುಟ್ಟಿಯ ಉಬ್ಬಿದ ಬಿಳಿ ಸಾಲುಗಳಿಗೂ ಈ ಟ್ಯೂಬಿನಿಂದ ಇಟ್ಟ ಬಿಳಿ ಚುಕ್ಕೆಗಳ ಸಾಲುಗಳಿಗೂ ಕಣ್ಣಿಗೆ ಹೆಚ್ಚು ಭೇದವಿಲ್ಲ. ಕಪ್ಪು ಟೀ ಶರ್ಟಿನ ಮೇಲೆ ಕೆಂಪು, ಹಳದಿಗಳ ನಡುವೆ ಅಂಥ ಚುಕ್ಕೆಗಳನ್ನಿಟ್ಟ ಮುಖವೇ ನಮ್ಮ ಮನೆಯ ಅಷ್ಟೂ ಕೆಲಸದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು. ಒಂದು ಗುಣವನ್ನು ಇಲ್ಲಿ ಗಮನಿಸಬೇಕು: ಬಿಡಿ ಚುಕ್ಕೆಗಳು ಬಟ್ಟೆಯೊಂದಿಗೆ ಹಿಗ್ಗಿ ಕುಗ್ಗುವಾಗ ಒಡೆಯುವುದಿಲ್ಲ, ಉದ್ದನೆಯ ಅಖಂಡ ಗೆರೆ ಒಡೆಯುತ್ತದೆ. ಔಟ್‌ಲೈನರನ್ನು ಚುಕ್ಕೆಗಳಿಗಷ್ಟೇ ಮೀಸಲಿಟ್ಟವರಿಗೆ ಅದು ಕೈಕೊಡುವುದಿಲ್ಲ.

ಅಕ್ಷರ ಬರೆಯುವುದು ಇನ್ನೊಂದು ಅಧ್ಯಾಯ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕೊರೆಯಚ್ಚುಗಳಲ್ಲಿ ಇಂಗ್ಲಿಷ್ ಅಕ್ಷರಗಳಿವೆ; ಮಲಯಾಳದ ನಾಡಿನಲ್ಲಿ ಕನ್ನಡ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ಎದೆಯ ಮೇಲೆ ಕನ್ನಡ ಬೇಕೆಂದರೆ ಅಚ್ಚನ್ನು ಮನೆಯಲ್ಲೇ ಕೊರೆದುಕೊಳ್ಳಬೇಕು. ಹಳೆಯ ಎಕ್ಸ್‌ರೇ ಹಾಳೆ ಇದಕ್ಕೆ ಬಹಳ ಒಳ್ಳೆಯದು. ನೀರಿಗೆ ಹಾಳಾಗುವುದಿಲ್ಲ, ತೊಳೆದು ಮತ್ತೆ ಬಳಸಬಹುದು. ಕೊರೆಯುವ ಕೆಲಸ ಮಾತ್ರ ದೊಡ್ಡವರದು. ತೊಡಕು ಏನೆಂದರೆ ನಮ್ಮ ಲಿಪಿಯಲ್ಲಿ ಸುತ್ತಿ ಮುಚ್ಚಿಕೊಳ್ಳುವ ಅಕ್ಷರಗಳು ಹೆಚ್ಚು. ‘ಠ’ವನ್ನೋ ‘ರ’ವನ್ನೋ ಅನುಸ್ವಾರದ ಸೊನ್ನೆಯನ್ನೋ ಗೆರೆಯಗುಂಟ ಕೊರೆದರೆ ನಡುವಿನ ತುಂಡು ಕಳಚಿ ಬೀಳುತ್ತದೆ, ಬಣ್ಣ ಹಚ್ಚಿದಾಗ ಅಕ್ಷರವಿರಬೇಕಾದಲ್ಲಿ ಒಂದು ಉಂಡೆ ಉಳಿಯುತ್ತದೆ. ಒಳತುಂಡನ್ನು ಹೊರಹಾಳೆಗೆ ಜೋಡಿಸುವ ಕಿರಿದಾದ ಸೇತುವೆಯೊಂದನ್ನು ಬಿಟ್ಟು ಕೊರೆದು, ಅಚ್ಚು ಎತ್ತಿದ ಮೇಲೆ ಆ ಬಿರುಕನ್ನು ಸಣ್ಣ ಬ್ರಷ್ಷಿನಿಂದ ತುಂಬಬೇಕು. ಒತ್ತಕ್ಷರಗಳಿರುವ ಪದವಾದರೆ ಅಕ್ಷರದ ಎತ್ತರ ಮೂರು ಇಂಚಿಗೆ ಕಡಿಮೆಯಾಗಬಾರದು. ಸಣ್ಣದಾದರೆ ಒತ್ತಿನ ಸುರುಳಿಗಳು ಬಣ್ಣದಲ್ಲಿ ಮುಚ್ಚಿಹೋಗುತ್ತವೆ. ಅಚ್ಚಿನ ಮೇಲೆ ಬ್ರಷ್ ಎಳೆಯಬಾರದು, ಸ್ಪಂಜಿನ ತುಂಡಿಗೆ ತುಸುವೇ ಬಣ್ಣ ತಾಗಿಸಿ ನೇರವಾಗಿ ತಟ್ಟಬೇಕು. ಈ ತಟ್ಟುವ ಕೆಲಸಕ್ಕೆ ಸಾದಾ ಬಣ್ಣ ಅತ್ಯುತ್ತಮವಾಗಿ ಒದಗುತ್ತದೆ, ಅಚ್ಚಿನಡಿಗೆ ನುಸುಳುವುದಿಲ್ಲ.

ಐದು ವರ್ಷದವರಿಗೆ ಇದಾವುದೂ ಬೇಡ, ತೋಟಕ್ಕೆ ಹೋದರಾಯಿತು. ಅಡ್ಡಕ್ಕೆ ಕತ್ತರಿಸಿದ ಬೆಂಡೆಕಾಯಿ ಹೂವಿನ ಅಚ್ಚಾಗುತ್ತದೆ. ಬಾಳೆಲೆಯ ದಂಟನ್ನು ಅಡ್ಡಕ್ಕೆ ಕತ್ತರಿಸಿದರೆ ಒಳಗೆ ಸಾಲುಸಾಲು ಕೋಣೆಗಳಿರುವ ಅರ್ಧಚಂದ್ರ ಸಿಗುತ್ತದೆ. ನಾಲ್ಕನ್ನು ಸುತ್ತಲೂ ಒತ್ತಿದರೆ ಕುಸುರಿ ಮಾಡಿದ ಹಾಗೆ ಕಾಣುವ ವೃತ್ತ. ಪಪ್ಪಾಯಿ ಎಲೆಯ ಹಿಂಬದಿಗೆ, ನರಗಳು ಎದ್ದು ಕಾಣುವ ಬದಿಗೆ, ಬಣ್ಣ ಸವರಿ ಬಟ್ಟೆಯ ಮೇಲಿಟ್ಟು, ಮೇಲೊಂದು ಕಾಗದ ಹಾಕಿ ಅಂಗೈಯಿಂದ ಒತ್ತಿದರೆ ನರವೂ ಅಂಚೂ ಮೂಡುತ್ತವೆ. ಕತ್ತರಿಸಿದ ಕಾಯಿಯ ಮೈಯನ್ನು ಬಟ್ಟೆಯಿಂದ ಒರೆಸಿಕೊಳ್ಳದಿದ್ದರೆ ಅದರ ನೀರು ಬಣ್ಣವನ್ನು ತೆಳುವಾಗಿಸುತ್ತದೆ, ಬೆಂಡೆಯ ಲೋಳೆಯಂತೂ ಇನ್ನೂ ಉಪದ್ರ. ಬಣ್ಣ ನೀರಿನದಾದ್ದರಿಂದ ಕೈಗೆ ಹಿಡಿದದ್ದು ಹಸಿಯಿರುವಾಗ ಸಾಬೂನಿಗೆ ಹೋಗುತ್ತದೆ; ತೊಟ್ಟ ಬಟ್ಟೆಗೆ ಬಿದ್ದು ಒಣಗಿದರೆ ಬಿಡಿಸುವುದು ಕಷ್ಟ, ಸ್ಯಾನಿಟೈಸರ್ ಹಾಕಿ ಉಜ್ಜಿದರೆ ಸ್ವಲ್ಪ ಮಟ್ಟಿಗೆ ಸಡಿಲವಾಗುತ್ತದೆ. ಜಗಲಿಯ ನೆಲಕ್ಕೆ ಹಳೆಯ ಚಾಪೆ ಹಾಸಿ ಕೂರಿಸಿ.

ಬಣ್ಣ ಹಚ್ಚಿ ಮುಗಿದಾಗ ಕೆಲಸ ಮುಗಿದಿರುವುದಿಲ್ಲ. ನೆರಳಿನಲ್ಲಿ ಸಮತಟ್ಟಾಗಿ ಹರಡಿ ಒಣಗಿಸಿದ ಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಹತ್ತಿಯ ಬಿಸಿಗೆ ಇಟ್ಟು, ಉಗಿ ಬಿಡದೆ, ಟೀ ಶರ್ಟಿನ ಒಳಮೈಯನ್ನು ಹೊರಗೆ ಮಾಡಿ, ಚಿತ್ರದ ಹಿಂಬದಿಯ ಮೇಲೆ ಮೂರರಿಂದ ಐದು ನಿಮಿಷ ಒಂದೇ ಕಡೆ ನಿಲ್ಲಿಸದೆ ಆಡಿಸಬೇಕು. ಬಿಸಿಗೆ ಅಂಟಿನ ಪೊರೆ ಪೂರ್ತಿಯಾಗಿ ಕೂಡಿಕೊಂಡು ನೀರಿಗೆ ಜಗ್ಗದಂತಾಗುತ್ತದೆ. ಬಿಸಿಲಿಗೆ ಹಾಕಿದರೆ ಸಾಕು ಎನ್ನುವವರಿದ್ದಾರೆ. ಏಪ್ರಿಲ್ ತಿಂಗಳ ನಮ್ಮ ಅಂಗಳದ ಬಿಸಿಲಿಗೂ ಇಸ್ತ್ರಿಯ ಬಿಸಿಗೂ ಎಲ್ಲಿಯ ಹೋಲಿಕೆ? ಒಂದೇ ಎಲೆಯ ಅಚ್ಚನ್ನು ಎರಡು ಬಟ್ಟೆತುಂಡುಗಳ ಮೇಲೆ ಹಾಕಿ, ಒಂದಕ್ಕೆ ಇಸ್ತ್ರಿ ಕೊಟ್ಟು ಇನ್ನೊಂದನ್ನು ಬಿಸಿಲಿಗಷ್ಟೇ ಬಿಟ್ಟು ಒಗೆದು ನೋಡಿದಾಗ, ಬಿಸಿಲಿನದು ಅಂಚಿನಿಂದ ಏಳತೊಡಗಿತ್ತು, ಇಸ್ತ್ರಿಯದು ಹಾಗೆಯೇ ಇತ್ತು. ಇಸ್ತ್ರಿಯಾದ ಮೇಲೂ ಮೊದಲ ಒಗೆತಕ್ಕೆ 72 ಗಂಟೆ ಕಾಯಬೇಕೆಂಬ ಸೂಚನೆಯನ್ನು ಲಘುವಾಗಿ ಎಣಿಸಬಾರದು.

ಒಗೆಯುವ ಕ್ರಮದ ಬಗ್ಗೆ ಸೂಚನಾಪತ್ರ ವಾಷಿಂಗ್ ಮೆಷೀನನ್ನು ಮಾತ್ರ ನೆನೆದು ಬರೆದಂತಿದೆ. ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಬಾವಿಯ ಪಕ್ಕ ಒಗೆಯುವ ಕಲ್ಲು ಇನ್ನೂ ಉಪಯೋಗದಲ್ಲಿದೆ. ಕಲ್ಲಿಗೆ ಬಡಿದರೆ ಯಾವ ಬಟ್ಟೆಬಣ್ಣವೂ ಬಾಳುವುದಿಲ್ಲ. ನೈಲಾನ್ ಬ್ರಷ್ಷಿನಿಂದ ತಿಕ್ಕಿದರೂ ಅಷ್ಟೇ. ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ, ಮೆದು ಸಾಬೂನಿನಿಂದ ಕೈಯಲ್ಲೇ ಹಿಚುಕಿ ತೆಗೆದ ಟೀ ಶರ್ಟುಗಳಲ್ಲಿ ಸಾದಾ ಬಣ್ಣಗಳು ಮಳೆಗಾಲ ಕಳೆದ ಮೇಲೂ ಮೊದಲಿನ ಹೊಳಪಿನಲ್ಲೇ ಇವೆ. ಔಟ್‌ಲೈನರಿನ ಉದ್ದ ಗೆರೆಗಳಲ್ಲಿ ಮಾತ್ರ ಮಡಿಕೆ ಬೀಳುವ ಕಡೆ ಬಿರುಕು ಕಾಣಿಸಿದೆ.

ಮಳೆಗಾಲದ ತೊಂದರೆ ಇನ್ನೊಂದಿದೆ. ಜೂನ್‌ನಿಂದ ಮೂರು ನಾಲ್ಕು ತಿಂಗಳು ನಮ್ಮ ಗಾಳಿಯಲ್ಲಿ ತೇವ ತುಂಬಿರುವಾಗ ಬಣ್ಣ ಮುಟ್ಟಲು ಒಣಗಿದಂತೆ ಕಂಡರೂ ಒಳಗೆ ಹಸಿ ಉಳಿದಿರುತ್ತದೆ. ಈ ಕೆಲಸವನ್ನು ರಜೆಯಲ್ಲೇ ಮುಗಿಸಿಕೊಳ್ಳುವುದು ಜಾಣತನ. ಚಿತ್ರದ ಭಾಗ ಒಂದರ ಮೇಲೊಂದು ಬರುವಂತೆ ಮಡಚಿ ಕಪಾಟಿನಲ್ಲಿಟ್ಟರೆ ಅಕ್ರಿಲಿಕ್ ಪೊರೆ ತನಗೆ ತಾನೇ ಅಂಟಿಕೊಳ್ಳುತ್ತದೆ, ಬಿಡಿಸುವಾಗ ಚುಕ್ಕೆಗಳು ಕಿತ್ತುಬರುತ್ತವೆ. ನಡುವೆ ಒಂದು ಹತ್ತಿ ಬಟ್ಟೆ ಇಡಬೇಕು, ಇಲ್ಲವೇ ಹ್ಯಾಂಗರಿಗೆ ಹಾಕಬೇಕು.

ಮಿನುಗುವ ಬಣ್ಣಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮುತ್ತಿನ ಹೊಳಪಿನವು ಬಿಳಿ ಬಟ್ಟೆಯ ಮೇಲೆ ಕಾಣುವುದೇ ಇಲ್ಲ. ಜರಿಪುಡಿಯವು ಚರ್ಮಕ್ಕೆ ಚುಚ್ಚುತ್ತವೆ, ಒಗೆದಾಗ ಮನೆಯವರೆಲ್ಲರ ಬಟ್ಟೆಗೂ ಹಂಚಿಕೆಯಾಗುತ್ತವೆ.

ಮತ್ತೊಮ್ಮೆ ಕೊಳ್ಳುವುದಾದರೆ ನಾನು ಪೆಟ್ಟಿಗೆಯನ್ನು ಬಿಟ್ಟು ಬಿಡಿ ಬಾಟಲಿಗಳನ್ನು ಕೊಳ್ಳುತ್ತೇನೆ. ಫೆವಿಕ್ರಿಲ್, ಕ್ಯಾಮೆಲ್ ಮೊದಲಾದ ಹೆಸರಿನ ಬಣ್ಣಗಳು ಬಿಡಿಯಾಗಿಯೂ ಸಿಗುತ್ತವೆ: ಹಳದಿ, ಕೆಂಪು, ನೀಲಿ, ಕಪ್ಪು ಒಂದೊಂದು, ಬಿಳಿ ದೊಡ್ಡದು, ಬಿಳಿಯ ಔಟ್‌ಲೈನರ್ ಒಂದು, ಗಡುಸು ಬ್ರಷ್ ಒಂದು. ಮೊದಲ ಬಾರಿಗೆ ಬಣ್ಣ ಮುಟ್ಟುವ ಮಕ್ಕಳಿರುವ ಮನೆಗೆ, ಅಥವಾ ಉಡುಗೊರೆ ಕೊಡುವವರಿಗೆ, ಹತ್ತು ಬಣ್ಣಗಳ ಪೆಟ್ಟಿಗೆಯೇ ಸರಿ. ಮುಚ್ಚಳ ತೆರೆದಾಗ ಸಾಲಾಗಿ ಕಾಣುವ ಹತ್ತು ಬಣ್ಣಗಳಿಗೆ ಅದರದೇ ಆದ ಆಕರ್ಷಣೆಯಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಯಾವುದನ್ನೇ ಕೊಂಡರೂ ಅಂಗಡಿಯಲ್ಲೇ ಬಾಟಲಿಯನ್ನು ಬೋರಲು ಹಿಡಿದು ನೋಡಿ. ಒಳಗಿನ ಬಣ್ಣ ನಿಧಾನವಾಗಿ ಕೆಳಗಿಳಿದರೆ ಸರಿ. ಇಳಿಯದೆ ಗಟ್ಟಿಯಾಗಿ ನಿಂತರೆ ಅದು ಕಳೆದ ವರ್ಷದ ರಜೆಗೆ ತರಿಸಿ ಉಳಿದ ಸರಕಾಗಿರಬಹುದು, ಬೇರೆಯದನ್ನು ಕೇಳಿ. ಮನೆಗೆ ತಂದ ಮೇಲೆ ಪ್ರತಿ ಸಲವೂ ಬಾಟಲಿಯ ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಮುಚ್ಚಳ ಬಿಗಿ ಮಾಡಿದರೆ ಉಳಿದ ಬಣ್ಣ ಮುಂದಿನ ರಜೆಯವರೆಗೂ ಕೆಡದೆ ಇರುತ್ತದೆ.